ಚಳಿಗಾಲಗಳ ಸುರುಳಿ

ಕಥೆಯೆಂದೊಡನೆ ಆದಿಯಿಂದ ಅಂತ್ಯದವರೆಗೆ ನೇರವಾಗಿ ಸಾಗುವ ದಾರಿಯೊಂದು ನಮ್ಮ ಕಣ್ಣೆದುರು ನಿಲ್ಲುತ್ತದೆ. ಆದರೆ ತಮ್ಮ ಕುಲದ ಕಥೆಯನ್ನು ಸುರುಳಿಯಾಗಿ ಬರೆದಿಟ್ಟವರೂ ಉಂಟು. ಉತ್ತರ ಅಮೇರಿಕದ ಹುಲ್ಲುಬಯಲುಗಳ ಮೂಲನಿವಾಸಿಗಳಾದ ಲಕೋಟಾ ಜನರ ಮತ್ತು ಅವರ ಬಂಧುಕುಲಗಳ ಈ ಪದ್ಧತಿಯನ್ನು ವಾಚಕರ ಮುಂದಿಡಬಯಸುತ್ತೇವೆ.

ಇವರ ಪಾಳೆಯದಲ್ಲಿ ಡೇರೆಗಳು ವರ್ತುಲಾಕಾರವಾಗಿ ನಿಲ್ಲುತ್ತಿದ್ದವು. ವರ್ಷವೆಂದರೆ ಒಂದು ಮೊದಲ ಹಿಮದಿಂದ ಮತ್ತೊಂದು ಮೊದಲ ಹಿಮದವರೆಗಿನ ಕಾಲ. ಅದಕ್ಕೆ ಅಂಕಿಯಿರಲಿಲ್ಲ, ಹೆಸರಿತ್ತು. ಸಂವತ್ಸರಗಳಿಗೆ ಹೆಸರಿಟ್ಟಿರುವ ನಮಗೆ ಇದು ವಿಚಿತ್ರವೆನಿಸದು. ಹಿರಿಯರು ಕೂಡಿ ಆ ವರ್ಷದ ಸ್ಮರಣೀಯವಾದ ಸಂಗತಿಯೊಂದನ್ನು ಆರಿಸುವರು. ಎಣಿಕೆಯ ಹೊಣೆ ಹೊತ್ತವನು ಅದನ್ನು ಕಾಡೆಮ್ಮೆಯ ಚರ್ಮದ ಮೇಲೆ ಚಿತ್ರಿಸುವನು. ಇದಕ್ಕೆ ‘ಚಳಿಗಾಲದ ಎಣಿಕೆ’ ಎಂದು ಹೆಸರು.

ಲೋನ್ ಡಾಗ್ ಎಂಬಾತನ ಎಣಿಕೆಯು ಬಹಳ ಪ್ರಸಿದ್ಧವಾದುದು. ನಡುವಿನಿಂದ ಹೊರಟು ಸುತ್ತುಸುತ್ತಾಗಿ ಹೊರಕ್ಕೆ ಬೆಳೆಯುವ ಅದರಲ್ಲಿ 1800-01ರಿಂದ 1870-71ರವರೆಗಿನ 71 ಚಳಿಗಾಲಗಳಿವೆ. ಮೊದಲನೆಯದು ಮೂರು ಸಾಲುಗಳಲ್ಲಿ ಎಳೆದ 30 ಕಪ್ಪು ಗೆರೆಗಳು: ಕ್ರೋ ಜನರ ಕೈಯಲ್ಲಿ ಮಡಿದ 30 ಮಂದಿ. ಎರಡನೆಯದು ಮೈತುಂಬ ಚುಕ್ಕೆಗಳುಳ್ಳ ಮನುಷ್ಯ: ಸಿಡುಬಿನ ವರ್ಷ. 1833-34ಕ್ಕೆ ಉದುರುವ ನಕ್ಷತ್ರಗಳು. ಅದು 1833ರ ನವೆಂಬರಿನಲ್ಲಿ ಸುರಿದ ಉಲ್ಕೆಗಳ ಮಳೆ. ಹಲವು ಎಣಿಕೆಗಳಲ್ಲಿ ಈ ಚಿತ್ರವಿರುವುದರಿಂದ, ವಿದ್ವಾಂಸರು ಇದನ್ನೇ ಗುರುತಾಗಿಟ್ಟುಕೊಂಡು ಉಳಿದ ವರ್ಷಗಳನ್ನು ಹೊಂದಿಸಿದರು.

ಆದರೆ ಚಿತ್ರವು ಕಥೆಯನ್ನು ತೂಗಹಾಕುವ ಗೂಟ ಮಾತ್ರ. ಕಥೆಯಿದ್ದುದು ಎಣಿಕೆಗಾರನ ನೆನಪಿನಲ್ಲಿ. ಅವನು ಚರ್ಮವನ್ನು ಹರಡಿ ಹೇಳತೊಡಗಿದರೆ, ಕೇಳುವವರು ತಾವು ಹುಟ್ಟಿದ ವರ್ಷವನ್ನೂ ಪೂರ್ವಿಕರು ಮಡಿದ ವರ್ಷವನ್ನೂ ಅದೇ ಸುರುಳಿಯಲ್ಲಿ ಕಾಣುತ್ತಿದ್ದರು. ಪ್ರತಿ ವರ್ಷವೂ ಒಂದು ಚಿತ್ರ ಹೊಸದಾಗಿ ಸೇರುವುದು. ಹೇಳುವಾಗ ಮಾತ್ರ ಮತ್ತೆ ಹಳೆಯ ಸುತ್ತುಗಳಿಗೆ ಮರಳಲೇಬೇಕು.

ಹೀಗಿರಲು ಕೇಳುವ ಕಿವಿಗಳೇ ದೂರವಾದುವು. 1879ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲಿನಲ್ಲಿ ಸರ್ಕಾರದ ವಸತಿಶಾಲೆ ತೆರೆಯಿತು. ಅಲ್ಲಿಗೆ ಮೊದಲು ಒಯ್ದವರಲ್ಲಿ ಲಕೋಟಾ ಮಕ್ಕಳೇ ಹೆಚ್ಚು. ಅವರ ಕೂದಲನ್ನು ಕತ್ತರಿಸಿದರು, ತಾಯ್ನುಡಿಯನ್ನಾಡಗೊಡಲಿಲ್ಲ. ಆ ಶಾಲೆ 1918ರಲ್ಲಿ ಮುಚ್ಚಿತು. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯದಿದ್ದರೆ ಚರ್ಮವು ಉಳಿದೂ ಫಲವೇನು?

ಆದರೂ ಎಳೆ ಪೂರ್ತಿಯಾಗಿ ಹರಿಯಲಿಲ್ಲ. ಆ ಜನಾಂಗದವರೇ ಆದ ಎಲ್ಲಾ ಡೆಲೋರಿಯಾ ಎಂಬ ವಿದುಷಿಯು ಹಿರಿಯರ ಬಾಯಿಂದ ಕೇಳಿದ ಕಥೆಗಳನ್ನು ಅವರ ನುಡಿಯಲ್ಲಿಯೇ ಬರೆದು, ಭಾಷಾಂತರದೊಡನೆ 1932ರಲ್ಲಿ ಪ್ರಕಟಿಸಿದರು. 1990ರಲ್ಲಿ ಮೂಲನಿವಾಸಿಗಳ ಭಾಷೆಗಳ ರಕ್ಷಣೆಗೆ ಅಲ್ಲಿನ ಸಂಯುಕ್ತ ಸಂಸ್ಥಾನಗಳು ಕಾನೂನನ್ನೇ ಮಾಡಿದವು. ಎಣಿಕೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಭದ್ರವಾಗಿವೆ. ಆದರೆ ಸುರುಳಿಯ ಮುಂದಿನ ಸುತ್ತು ಸೇರಬೇಕಾದದ್ದು ಮನೆಗಳಲ್ಲಿ, ಹೇಳುವ ಹಿರಿಯರೂ ಕೇಳುವ ಮಕ್ಕಳೂ ಒಂದೆಡೆ ಕುಳಿತಾಗ. ಈ ಮಾತು ಆ ಹುಲ್ಲುಬಯಲಿನ ಮನೆಗಳಿಗೆ ಮಾತ್ರ ಸಲ್ಲುವುದೆಂದು ನಾವು ಭಾವಿಸುವುದಿಲ್ಲ.