ಟವೆಲ್ಲಿಗೆ ಸಿಗದ ಹೊಗೆ

ಮಕ್ಕಳೇ, ಹೋದ ಫೆಬ್ರವರಿಯಲ್ಲಿ ಒಂದು ಮುಂಜಾನೆ ಪ್ರಾರ್ಥನೆಗೆ ಸಾಲು ನಿಂತಾಗ ನಮ್ಮ ಶಾಲೆಯ ಗೇಟಿನ ಹತ್ತಿರದ ಬೇವಿನ ಮರ ಸರಿಯಾಗಿ ಕಾಣುತ್ತಿರಲಿಲ್ಲ. "ಸರ್, ಮಂಜು ಬಿದ್ದದ" ಅಂದ ಒಬ್ಬ ಹುಡುಗ. ಮಂಜಿಗೆ ಅಂಥ ವಾಸನೆ ಇರುವುದಿಲ್ಲ. ಹಿಂದಿನ ಸಂಜೆ ಸುತ್ತಲಿನ ಹೊಲಗಳಲ್ಲಿ ಹತ್ತಿಕಟ್ಟಿಗೆ ಸುಟ್ಟಿದ್ದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ದಮ್ಮು ಇದೆ. ರಾಷ್ಟ್ರಗೀತೆ ಮುಗಿಯುವುದರೊಳಗೆ ಆಕೆ ನೆಲಕ್ಕೆ ಕೂತುಬಿಟ್ಟಳು. ಪುಣ್ಯಕ್ಕೆ ಚೀಲದಲ್ಲಿ ಇನ್ಹೇಲರ್ ಇತ್ತು.

ಮಧ್ಯಾಹ್ನ ಆಕೆಯೇ ಕೇಳಿದಳು: "ಸರ್, ಬೆಂಕಿ ನಿನ್ನಿ ರಾತ್ರೀನೇ ಆರಿತ್ತು. ಹೊಗಿ ಮುಂಜಾನಿ ತನಕ ಯಾಕ ನಿಂತಿತ್ತು?"

ಹಗಲಲ್ಲಿ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಹೊಗೆಯನ್ನೂ ಮೇಲೆ ಒಯ್ಯುತ್ತದೆ. ಚಳಿಗಾಲದ ರಾತ್ರಿ ಇದು ತಿರುಗುಮುರುಗಾಗುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಆಗ ಕೆಳಗೆ ತಣ್ಣನೆಯ ಭಾರದ ಗಾಳಿ, ಅದರ ಮೇಲೆ ಬೆಚ್ಚನೆಯ ಹಗುರ ಗಾಳಿ. ಗಂಗಾಳದ ಮೇಲೆ ತಟ್ಟೆ ಮುಚ್ಚಿದಂಗ ಆಗ್ತದ. ಹೊಗೆ ಸ್ವಲ್ಪ ಎತ್ತರಕ್ಕೆ ಹೋಗಿ ಅಲ್ಲೇ ಅಡ್ಡಡ್ಡ ಹರಡುತ್ತದೆ. ಬಿಸಿಲೇರಿ ನೆಲ ಮತ್ತೆ ಕಾಯುವ ತನಕ ಆ ಮುಚ್ಚಳ ತೆರೆಯುವುದಿಲ್ಲ. ಇದಕ್ಕೆ ಉಷ್ಣತಾ ವಿಲೋಮ ಎನ್ನುತ್ತಾರೆ. ನಮ್ಮ ರೈತರು ಗಾಳಿ ಬಿದ್ದ ಮೇಲೆ, ಬೆಂಕಿ ಹತೋಟಿಯಲ್ಲಿರಲಿ ಎಂದು ಸಂಜೆಯೇ ಹಚ್ಚುತ್ತಾರೆ. ಬೆಂಕಿಯ ಲೆಕ್ಕಕ್ಕೆ ಅದು ಜಾಣತನ. ಹೊಗೆಯ ಲೆಕ್ಕಕ್ಕೆ ಮಾತ್ರ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ಕಾಡ್ಗಿಚ್ಚು ಅಂದ ಕೂಡಲೇ ಬಂಡೀಪುರ ನೆನಪಾಗುತ್ತದೆ. 2019ರ ಫೆಬ್ರವರಿ 21ರ ಸುಮಾರಿಗೆ ಅಲ್ಲಿ ಹತ್ತಿದ ಬೆಂಕಿ ನಾಲ್ಕೈದು ದಿನ ಉರಿದು, ಸುಮಾರು 4,400 ಹೆಕ್ಟೇರ್ ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿ ತಂದು ಸುರಿದವು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ನಮಗೆ ಹತ್ತಿರದ ದೊಡ್ಡ ಕಾಡು ಪೂರ್ವದ ನಲ್ಲಮಲ. ಅಲ್ಲಿನ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದ ಮರಗಳೂ ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸುತ್ತವೆ. ಒಣ ಎಲೆ, ಎದೆಯೆತ್ತರದ ಒಣ ಹುಲ್ಲು, ಒಂದು ಬೀಡಿ ತುಂಡು. ನಮ್ಮ ದೇಶದ ಕಾಡುಬೆಂಕಿಗಳಲ್ಲಿ ಹೆಚ್ಚಿನವು ಮನುಷ್ಯರ ಕೈಯಿಂದಲೇ ಹತ್ತುವಂಥವು.

ತರಗತಿಯಲ್ಲಿ ಮೊಬೈಲಿನಲ್ಲಿ ನಾಸಾದ 'ಫರ್ಮ್ಸ್' ನಕ್ಷೆ ತೆರೆದು ತೋರಿಸಿದೆ. ಉಪಗ್ರಹಗಳು ನೆಲದ ಶಾಖವನ್ನು ಗುರುತಿಸಿ ಬೆಂಕಿಯ ಜಾಗಕ್ಕೆ ಕೆಂಪು ಚುಕ್ಕಿ ಇಡುತ್ತವೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಇಂಥ ಮಾಹಿತಿಯಿಂದಲೇ ಅರಣ್ಯ ಸಿಬ್ಬಂದಿಗೆ ಎಚ್ಚರಿಕೆ ಸಂದೇಶ ಕಳಿಸುತ್ತದೆ. ಮಕ್ಕಳು ಮೊದಲು ನಲ್ಲಮಲ ಹುಡುಕಿದರು, ಅಲ್ಲಿ ಚುಕ್ಕಿಗಳಿದ್ದವು. ಆಮೇಲೆ ಯಾರೋ ನಕ್ಷೆಯನ್ನು ಎಡಕ್ಕೆ ಎಳೆದರು. ಕೃಷ್ಣೆಯ ಈಚೆಗೆ, ಕಾಡೇ ಇಲ್ಲದ ನಮ್ಮ ಸೀಮೆಯಲ್ಲೂ ಚುಕ್ಕಿಗಳು! "ಸರ್, ಇದು ನಮ್ಮೂರ ದಾರಿ" ಅಂದಾಗ ಕ್ಲಾಸು ಗಪ್ಪಾಯಿತು. ಒಂದು ಮಾತು ನೆನಪಿಡಿ: ಉಪಗ್ರಹ ದಿನಕ್ಕೆ ಕೆಲವೇ ಸಲ ನಮ್ಮ ತಲೆಯ ಮೇಲೆ ಹಾಯುತ್ತದೆ. ನಡುವೆ ಹತ್ತಿ ಆರಿದ ಬೆಂಕಿ ಅದರ ಕಣ್ಣಿಗೆ ಬೀಳದೇ ಹೋಗಬಹುದು.

ಇನ್ನು ಹೊಗೆಯೊಳಗೆ ಏನಿದೆ ಎಂಬುದು. ಬಿಳಿ ಕಾರ್ಡುಗಳಿಗೆ ವ್ಯಾಸಲೀನ್ ಸವರಿ ರಾತ್ರಿಯಿಡೀ ಕಿಟಕಿಗೆ ಕಟ್ಟಿಟ್ಟೆವು. ಮರುದಿನ ಭೂತಗನ್ನಡಿಯಲ್ಲಿ ಕರಿ ಚುಕ್ಕೆ ಎಣಿಸುವ ಕೆಲಸ. ಒಬ್ಬ ಮುನ್ನೂರು ದಾಟಿಸಿ ಬೀಗಿದ. ನಾನು ಹೇಳಿದೆ, "ನೀ ಎಣಿಸಿದ್ದು ದೊಡ್ಡ ಬೂದಿ. ಮೂಗಿನ ಕೂದಲು, ಸಿಂಬಳ ಅದನ್ನ ಬಹಳಷ್ಟು ಹಿಡಿತಾವ. ಕಾಡೋದು ನಿನ್ನ ಗಾಜಿಗೆ ಕಾಣದೇ ಹೋದದ್ದು." ಅದಕ್ಕೆ ಪಿಎಂ 2.5 ಎಂದು ಹೆಸರು. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ ಅಡ್ಡಳತೆಯ ಕಣ. ನಿಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಅದರ ಅಡ್ಡಕ್ಕೆ ಇಂಥ ಇಪ್ಪತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು. ಇವು ಶ್ವಾಸಕೋಶದ ಗಾಳಿಗೂಡುಗಳ ತನಕ ಇಳಿಯುತ್ತವೆ, ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ. ಗಾಳಿ ಇವನ್ನು ಎಷ್ಟು ದೂರವಾದರೂ ಹೊತ್ತೊಯ್ಯುತ್ತದೆ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ನಮ್ಮ ಇಡೀ ತೆಲಂಗಾಣವೇ 1.12 ಕೋಟಿ ಹೆಕ್ಟೇರ್. ಆ ಜೂನಿನಲ್ಲಿ ನೂರಾರು ಕಿಲೋಮೀಟರ್ ಆಚೆಯ ನ್ಯೂಯಾರ್ಕಿನ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಹೊಗೆ ಬಂತೆಂದರೆ ನಮ್ಮ ಕಡೆ ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಟುತ್ತಾರೆ. ಬೂದಿಗೆ ಅದು ಸಾಕು, ಗಂಟಲಿಗೂ ಹಿತ. ಆದರೆ ಈ ಸಣ್ಣ ಕಣಗಳು ಬಟ್ಟೆಯ ನೂಲಿನ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತವೆ. ಮುಖಕ್ಕೆ ಬಿಗಿಯಾಗಿ ಕೂತ ಎನ್95 ಮಾಸ್ಕ್ ಇವನ್ನು ತಡೆಯುತ್ತದೆ. ಅದು ಇಲ್ಲದಿದ್ದರೆ ಹೊಗೆ ದಟ್ಟವಿರುವಾಗ ಕಿಟಕಿ ಮುಚ್ಚಿ ಒಳಗಿರುವುದು, ಬಿಸಿಲೇರಿ ಹೊಗೆ ತಿಳಿಯಾದ ಮೇಲೆ ತೆರೆಯುವುದು. ಓಟ, ಕಬಡ್ಡಿ ಆ ಹೊತ್ತಿಗೆ ಬೇಡ. ಓಡುವಾಗ ನಾವು ಕೂತಾಗಿನ ಹಲವು ಪಟ್ಟು ಗಾಳಿ ಎಳೆಯುತ್ತೇವೆ. ಆಡು ಮೇಯಿಸಲು ಗುಡ್ಡಕ್ಕೆ ಹೋದಾಗ ಹುಲ್ಲಿಗೆ ಬೆಂಕಿ ಬಿದ್ದರೆ ಮೇಲಕ್ಕೆ ಓಡಬೇಡಿ, ಬೆಂಕಿ ಏರಿನಲ್ಲೇ ಜೋರು. ನೇಗಿಲು ಹೊಡೆದ ಬರಿ ಹೊಲದ ಕಡೆಗೆ ಹೋಗಿ.

ಇಷ್ಟು ಹೇಳುವ ನಾನೂ ಸುಟ್ಟವನೇ. ಎಂಟನೇ ತರಗತಿಯಲ್ಲಿದ್ದಾಗ ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಬದುವಿನ ಹುಲ್ಲಿಗೆ ಕಡ್ಡಿ ಗೀರಿದೆ. ಗಾಳಿ ತಿರುಗಿ, ಪಕ್ಕದ ಹೊಲದವರ ಮೇವಿನ ಬಣವಿ ಅರ್ಧ ಗಂಟೆಯಲ್ಲಿ ಬೂದಿಯಾಯಿತು. ಆ ಬೇಸಿಗೆ ಅವರ ಎತ್ತುಗಳಿಗೆ ನಮ್ಮ ಮನೆಯಿಂದಲೇ ಮೇವು ಹೋಯಿತು. ಅಪ್ಪ ನನ್ನನ್ನು ಬೈಯಲಿಲ್ಲ, ದಿನಾ ಹೊರೆ ಹೊರಿಸಿದರು.

ಹಾಗಂತ ಸುಡಬೇಡಿ ಎಂದು ಸುಮ್ಮನೆ ಹೇಳಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಗದ್ವಾಲ್ ಹತ್ತಿ ಬೀಜದ ಸೀಮೆ. ಹತ್ತಿಕಟ್ಟಿಗೆ ಹೊಲದಲ್ಲೇ ಉಳಿದರೆ ಅದರಲ್ಲಿನ ಒಣ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳ ಅಡಗಿ ಮುಂದಿನ ಬೆಳೆಗೆ ಬರುತ್ತದೆ. ಕಟ್ಟಿಗೆ ತೆಗೆಯಲೇಬೇಕು. ಯಂತ್ರದಿಂದ ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಹುಳವೂ ಸಾಯುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಸುಟ್ಟರೆ ಅದರಲ್ಲಿನ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಆದರೆ ಯಂತ್ರದ ಬಾಡಿಗೆ ಕೊಡಬೇಕು, ಬೆಂಕಿಪೊಟ್ಟಣಕ್ಕೆ ಬಾಡಿಗೆ ಇಲ್ಲ. ಎರಡೆಕರೆಯ ರೈತನ ಮುಂದೆ ಈ ಲೆಕ್ಕ ಇಟ್ಟು ನೋಡಿ. ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಯಂತ್ರ ತರಿಸಿದರೆ ಖರ್ಚು ಎಷ್ಟು ಇಳಿಯುತ್ತದೆ ಎಂದು ನಮ್ಮ ಹತ್ತನೇ ತರಗತಿಯವರು ಈಗ ಮನೆಮನೆ ಕೇಳಿ ಬರೆದುಕೊಳ್ಳುತ್ತಿದ್ದಾರೆ.

ಗೇಟಿನ ಬೇವಿನ ಮರವೇ ಈಗ ನಮ್ಮ ಅಳತೆಗೋಲು. ಅದರ ಎಲೆ ಬಿಡಿಬಿಡಿಯಾಗಿ ಕಾಣದ ದಿನ ಪ್ರಾರ್ಥನೆ ವರಾಂಡದಲ್ಲಿ, ಆಟದ ಪೀರಿಯಡ್ಡು ಮಧ್ಯಾಹ್ನಕ್ಕೆ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಮರ ನೋಡಿ ಹೇಳುವ ಕೆಲಸ ಆ ಒಂಬತ್ತನೇ ತರಗತಿಯ ಹುಡುಗಿಯದು.