ಆದವಾನಿಯಿಂದ ಕಡ್ಮತ್ತಿಗೆ

ಆದವಾನಿ ಸೀಮೆಯಲ್ಲಿ ಹತ್ತಿಯುಂಟು, ಕಡಲೆಯುಂಟು. ಕಡಲು ಮಾತ್ರ ಇಲ್ಲ. ಹಾಗಿದ್ದರೂ ಅಲ್ಲಿಯ ಕನ್ನಡ ಮನೆಗಳ ಮಕ್ಕಳು ರಜೆಗೆ ಸ್ಕೂಬಾ ಮುಳುಗಿನ ಮಾತೆತ್ತಿದರೆ ಹಿರಿಯರು ಬೆಚ್ಚಬೇಕಾಗಿಲ್ಲ. ಮುರ್ಡೇಶ್ವರದೆದುರು ನೇತ್ರಾಣಿ ಇದೆ. ಮಳೆಗಾಲದಲ್ಲಿ ಅತ್ತ ಹೋಗುವಂತಿಲ್ಲ ಅಷ್ಟೆ. ಇನ್ನೂ ದೂರ ಹೋಗಬಲ್ಲವರಿಗೆ ಲಕ್ಷದ್ವೀಪದ ಕಡ್ಮತ್.

ಈ ಕಡ್ಮತ್ ನಮಗೆ ಹೊಸತೇನಲ್ಲ. ಅಮೀನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾಗಳು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಯವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬಂದು, ಬದಲಿಗೆ ಅಕ್ಕಿ ಹೋಗುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ, ಅದೇ ದಿನ ಆ ದ್ವೀಪಗಳು ಕೇಂದ್ರದ ಆಡಳಿತಕ್ಕೆ. ದ್ವೀಪದವರ ಆಡುಮಾತು ಮಲಯಾಳದ ಬಳಗದ್ದು, ಅಲ್ಲಿ ನಮ್ಮ ತಕರಾರಿಲ್ಲ. ಆದವಾನಿಯ ಮಾತು ಬೇರೆ.

ದ್ವೀಪಕ್ಕೆ ಕಾಲಿಡಲು ಪರವಾನಿಗೆ ಬೇಕು. ಹಡಗು ಕೊಚ್ಚಿಯಿಂದ. ಈಜು ಬಾರದವರೂ ತರಬೇತಿದಾರರ ಕೈಹಿಡಿದು ತುಸು ಆಳಕ್ಕೆ ಇಳಿಯಬಹುದು. ಆದರೆ ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ಅಸ್ತಮಾ, ಕಿವಿಯ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಲಿ. ಅಗತ್ತಿಯಿಂದ ವಿಮಾನ ಹಿಡಿಯುವವರು ಕೊನೆಯ ಮುಳುಗಿನ ಬಳಿಕ ಕನಿಷ್ಠ 18 ಗಂಟೆ ಕಾಯಬೇಕು, ಇಲ್ಲವಾದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುವ ಭಯ. ಹಡಗಿನಲ್ಲಿ ಕೊಚ್ಚಿಗೆ, ಅಲ್ಲಿಂದ ರೈಲಿನಲ್ಲಿ ಆದವಾನಿಗೆ ಮರಳುವವರಿಗೆ ಆ ಚಿಂತೆಯಿಲ್ಲ.