ಕರ್ತನ ಚಿತ್ತವೂ ಬರಗಾಲದ ನೆಲವೂ

ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿಗೆ ಸೇರಿದ ಕೊತ್ತಗೆರೆ ಹೋಬಳಿಯಲ್ಲಿಯಾಗಲಿ, ನೆರೆಯ ಗುಬ್ಬಿಯ ಸೀಮೆಯಲ್ಲಿಯಾಗಲಿ, ಮುಗಿಲಿನ ಕಡೆ ತಲೆಯೆತ್ತಿ ನೋಡದೆ ರಾಗಿಯನ್ನು ಬಿತ್ತಿದ ರೈತನುಂಟೆ? ಕೆರೆ ತುಂಬಿದ ವರ್ಷ ಮನೆಯಲ್ಲಿ ಅನ್ನ, ತುಂಬದ ವರ್ಷ ಸಾಲ ಅಥವಾ ವಲಸೆ ಎಂಬ ಸ್ಥಿತಿ ತಲೆತಲಾಂತರದಿಂದ ನಡೆದುಬಂದ ಇಂಥ ನೆಲದಲ್ಲಿ, ದೇವರು ಜಗತ್ತನ್ನು ಆಳುತ್ತಾನೆಂಬ ನಂಬಿಕೆ ಪಂಡಿತರ ತರ್ಕಕ್ಕೆ ಮಾತ್ರ ವಿಷಯವಾಗಿ ಉಳಿಯುವುದಿಲ್ಲ. ಇಲ್ಲಿಯ ಕ್ರೈಸ್ತರು ಮಗಳ ಮದುವೆಯನ್ನು ಗೊತ್ತುಮಾಡುವಾಗಲೂ, ಮಣ್ಣಿಗಿಡುವ ದೇಹದ ಮುಂದೆ ನಿಂತಾಗಲೂ ‘ಕರ್ತನ ಚಿತ್ತ’ ಎನ್ನುತ್ತಾರೆ. ಸಕಲವೂ ಆತನ ಆಳಿಕೆಗೆ ಒಳಪಟ್ಟಿರುವುದಾದರೆ, ಹಸುಳೆಯ ಹಸಿವಿಗೂ ಮನುಷ್ಯನ ದ್ರೋಹಕ್ಕೂ ಆತನೇ ಹೊಣೆಯೆ ಎಂಬ ಪ್ರಶ್ನೆ ಆ ಮಾತಿನ ಬೆನ್ನಿಗೇ ಏಳುತ್ತದೆ, ಏಳಲೇಬೇಕು.

ಈ ಸೀಮೆಯಲ್ಲಿ ಆ ಪ್ರಶ್ನೆಗೆ ಹಳೆಯ ಚರಿತ್ರೆಯೇ ಇದೆ. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ತಾಮಸ್ ಹಾಡ್ಸನ್ನರು 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿ ಕೆಲಸವನ್ನಾರಂಭಿಸಿದರು. ಅವರ ತರುವಾಯ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣ, ಇಪ್ಪತ್ತರ ಪ್ರಾಯದವನು, ತನ್ನ ಆಯುಷ್ಯವನ್ನೆಲ್ಲ ಈ ನಾಡಿಗೆ ಮುಡಿಪಿಡುವ ಸಂಕಲ್ಪದಿಂದ ಹಡಗೇರಿ ಬಂದು, ಕನ್ನಡವನ್ನು ಕಲಿತು, ಗುಬ್ಬಿಯ ಸುತ್ತಣ ಹಳ್ಳಿಗಳನ್ನು ತಿರುಗತೊಡಗಿದನು. ಆದರೆ ಎರಡು ವರ್ಷ ತುಂಬುವಷ್ಟರಲ್ಲಿ ಅವನ ಆರೋಗ್ಯವೂ ಕಣ್ಣುಗಳೂ ಕೆಟ್ಟು, 1841ರಲ್ಲಿ ಅವನು ಸ್ವದೇಶಕ್ಕೆ ಮರಳಬೇಕಾಯಿತು. ಮುಂದೆ ಅವನು ಮೈಸೂರು ಸೀಮೆಯ ಸೇವೆಯನ್ನು ಕುರಿತ ಗ್ರಂಥವನ್ನು 1847ರಲ್ಲಿ ಪ್ರಕಟಿಸಿದುದೂ, 1866ರಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಮಹಾಸಭೆಯ ಅಧ್ಯಕ್ಷನಾದುದೂ ನಿಜ. ಈ ಕೀರ್ತಿಯನ್ನು ತೋರಿಸಿ, ಅದಕ್ಕಾಗಿಯೇ ದೇವರು ಅವನ ಕಣ್ಣನ್ನು ಕೆಡಿಸಿದನೆಂದು ಲೆಕ್ಕ ಒಪ್ಪಿಸುವವರುಂಟು. ನನಗೆ ಆ ಲೆಕ್ಕ ರುಚಿಸದು. ಗುಬ್ಬಿಯನ್ನು ಬಿಟ್ಟು ಹೊರಟಾಗ ಅವನ ಮುಂದೆ ಗ್ರಂಥವೂ ಇರಲಿಲ್ಲ, ಪದವಿಯೂ ಇರಲಿಲ್ಲ, ಮುರಿದ ಸಂಕಲ್ಪವೊಂದಿತ್ತು. ವಿಶ್ವಾಸದ ಪರೀಕ್ಷೆ ನಡೆಯುವುದು ಆ ಗಳಿಗೆಯಲ್ಲಿಯೇ ಹೊರತು ಫಲ ಕಂಡಮೇಲೆ ಅಲ್ಲ.

ನಮ್ಮ ನಾಡಿನ ಸಾಮಾನ್ಯ ಓದುಗನಿಗೆ ಇದೆಲ್ಲ ಹಣೆಯ ಬರಹದ ಮಾತಿನಂತೆಯೇ ಕೇಳಿಸಬಹುದು. ಆದರೆ ಬರಹವನ್ನು ಯಾರೂ ಕೇಳಲಾರರು, ಅದಕ್ಕೆ ಕಿವಿಯಿಲ್ಲ. ಕ್ರೈಸ್ತನು ನಂಬುವ ಸಾರ್ವಭೌಮನು ತಂದೆ. ತಂದೆಯೊಡನೆ ಜಗಳವಾಡಬಹುದು, ಅವನ ಬಾಗಿಲಲ್ಲಿ ಅತ್ತು ಧರಣಿ ಕೂರಬಹುದು. ಸತ್ಯವೇದದ ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದೂರು, ಪ್ರಲಾಪ, ಇನ್ನೆಷ್ಟು ಕಾಲವೆಂಬ ಕೂಗು. ಗೆತ್ಸೇಮನೆಯ ತೋಟದಲ್ಲಿ ಯೇಸು ತಾನೇ ಮೊದಲು ಬೇಡಿಕೊಂಡದ್ದು ಸಂಕಟವು ತನ್ನಿಂದ ತೊಲಗಲೆಂದು. ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಟ್ಟದ್ದು ಆಮೇಲೆ. ಆ ಮೊದಲ ಮಾತನ್ನು ಬಾಯಿಬಿಟ್ಟು ಆಡಗೊಡದೆ, ದುಃಖಿತನಿಂದ ಎರಡನೆಯದನ್ನು ಮಾತ್ರ ಹೇಳಿಸಹೊರಡುವ ಉಪದೇಶವು ಕ್ರೌರ್ಯಕ್ಕೆ ಸಮೀಪವಾದುದು.

ಸಂಕಟಕ್ಕಿಂತ ಕಠಿನವಾದದ್ದು ಪಾಪದ ಪ್ರಶ್ನೆ. ಯೋಸೇಫನ ಕಥೆಯನ್ನು ಸಭೆಯ ಮಕ್ಕಳೆಲ್ಲ ಬಲ್ಲರು: ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ತಮ್ಮನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದರು, ದಾಸನಾಗಿ ಹೋದವನು ಐಗುಪ್ತದ ಉಗ್ರಾಣಗಳಿಗೆ ಒಡೆಯನಾಗಿ, ಏಳು ವರ್ಷಗಳ ಕ್ಷಾಮದಲ್ಲಿ ಆ ಅಣ್ಣಂದಿರಿಗೇ ಧಾನ್ಯವನ್ನು ಅಳೆದುಕೊಟ್ಟನು. ಅವರು ಬಗೆದ ಕೇಡನ್ನು ದೇವರು ಒಳಿತಿನ ಕಡೆಗೆ ತಿರುಗಿಸಿದನೆಂದು ಯೋಸೇಫನು ಹೇಳುವಾಗ, ಅದು ಕೇಡಲ್ಲವೆಂದು ಹೇಳಲಿಲ್ಲ. ಕೃತ್ಯ ಅವರದು, ದೋಷವೂ ಅವರದೇ; ಆದರೂ ಆ ಕೃತ್ಯಕ್ಕೆ ಕೊನೆಯ ಮಾತನ್ನಾಡುವ ಅಧಿಕಾರ ಅವರಿಗಿರಲಿಲ್ಲ. ದೇವರು ಪಾಪದ ಕರ್ತೃವಲ್ಲ, ಆದರೆ ಯಾವ ಪಾಪವೂ ಆತನ ಕೈಮೀರಿ ಹೋಗಲಾರದು ಎಂಬ ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಎಲ್ಲವೂ ದೈವಸಂಕಲ್ಪದಿಂದ ಮೊದಲೇ ನಿಶ್ಚಿತವೆಂಬ ಕ್ಯಾಲ್ವಿನನ ಮತವನ್ನು ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್ ನಗರದ ಉಪದೇಶದಲ್ಲಿ ತೀವ್ರವಾಗಿ ಖಂಡಿಸಿ, ಪ್ರಿಯಮಿತ್ರ ವೈಟ್‌ಫೀಲ್ಡನೊಡನೆ ವಿರಸವನ್ನು ತಂದುಕೊಂಡನು. ಗುಬ್ಬಿ, ತುಮಕೂರುಗಳ ಮಿಷನ್ನು ವೆಸ್ಲಿಯ ಪರಂಪರೆಯದು. ಕನ್ನಡ ಬೈಬಲಿಗಾಗಿ ದುಡಿದ ಜಾನ್ ಹ್ಯಾಂಡ್ಸರ ಬಳ್ಳಾರಿಯ ಲಂಡನ್ ಮಿಷನ್ನಾದರೋ ಬಹುಮಟ್ಟಿಗೆ ಕ್ಯಾಲ್ವಿನನ ಒಲವಿನದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಈ ಎರಡು ಧಾರೆಗಳೂ ಒಂದೇ ಸಭೆಯೊಳಗೆ ಸೇರಿದುವು. ವಾದ ಮಾತ್ರ ತೀರಲಿಲ್ಲ. ಅದು ತೀರದೆಯೇ ಒಂದೇ ಮೇಜಿನಿಂದ ರೊಟ್ಟಿಯನ್ನು ಹಂಚಿಕೊಳ್ಳಲು ಬರುತ್ತದೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ.

ಸಂಕಟವೂ ಪಾಪವೂ ಹೆಣೆದುಕೊಂಡು ಈ ನೆಲದ ಮೇಲೆಯೇ ಬಿದ್ದದ್ದು 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದದ್ದು 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿಯಿತು. ಮಳೆ ತಪ್ಪಿದ್ದು ಮನುಷ್ಯನ ತಪ್ಪಲ್ಲ. ಆದರೆ ಬೆಲೆ ಬಡವನ ಕೈಗೆಟುಕದಷ್ಟು ಏರಿದ್ದೂ, ಹಸಿದ ದೇಶದಿಂದ ಹೊರದೇಶಗಳಿಗೆ ಧಾನ್ಯ ಸಾಗುತ್ತಲೇ ಇದ್ದುದೂ ಮುಗಿಲ ಕೆಲಸವಲ್ಲ. ಅಂದು ‘ದೇವರ ಚಿತ್ತ’ವೆಂದು ಹೇಳಿ ಉಗ್ರಾಣದ ಬಾಗಿಲನ್ನು ಮುಚ್ಚಿದವನೊಬ್ಬನಿದ್ದರೆ, ಅವನು ದೇವರನ್ನು ನಂಬಿದವನಲ್ಲ, ದೇವರ ಹೆಸರಿನ ಮರೆಯಲ್ಲಿ ಅಡಗಿದವನು. ಆ ಕ್ಷಾಮದ ಅನಾಥ ಬಾಲಕರಿಗೆ ತುಮಕೂರಿನಲ್ಲಿಯೂ ಬಾಲಕಿಯರಿಗೆ ಹಾಸನದಲ್ಲಿಯೂ ವೆಸ್ಲಿಯನ್ ಮಿಷನ್ನು ಆಶ್ರಯ ಕಲ್ಪಿಸಿತು. ಉಳಿದ ಮಕ್ಕಳು ಉಳಿದದ್ದು ಕೃಪೆಯೇ. ಉಣಬಡಿಸಿದ ಕೈಗಳು ಕೃಪೆಯ ಕೈಗಳೇ. ಹಾಗೆಂದು, ಆ ಮಕ್ಕಳು ಸಭೆಗೆ ಸೇರಿದುದನ್ನು ಬರದ ಲಾಭವೆಂಬಂತೆ ಎಣಿಸಬಾರದು. ಅವರ ತಾಯಿತಂದೆಗಳು ದಾರಿಬದಿಯಲ್ಲಿ ಸತ್ತಿದ್ದರು. ಕೇಡಿನೊಳಗಿಂದ ಒಳಿತನ್ನು ತೆಗೆಯುವುದು ದೇವರ ಕೆಲಸ, ಕೇಡಿಗೆ ಒಳಿತಿನ ಬೆಲೆಕಟ್ಟುವುದು ನಮ್ಮ ಕೆಲಸವಲ್ಲ.

ಸ್ವಂತ ಪಾಪದಿಂದ ಬಂದ ಸಂಕಟದ ಮಾತು ಬೇರೆ. ಅರಸನಾದ ದಾವೀದನು ಬತ್ಷೆಬೆಯನ್ನು ಕೂಡಿ, ಅವಳ ಗಂಡನಾದ ಊರೀಯನನ್ನು ಕೊಲ್ಲಿಸಿದ ಮೇಲೆ, ಪ್ರವಾದಿಯಾದ ನಾತಾನನು ಬಂದು ಹೇಳುವವರೆಗೂ ತನ್ನ ತಪ್ಪನ್ನು ಕಾಣಲಿಲ್ಲ. ಕಂಡೊಡನೆ ಅರಿಕೆಮಾಡಿಕೊಂಡನು, ಕ್ಷಮೆ ದೊರಕಿತು, ಆದರೂ ಹುಟ್ಟಿದ ಮಗು ಸತ್ತಿತು, ಮನೆಯಲ್ಲಿ ಕತ್ತಿ ಆಡಿತು. ಕ್ಷಮೆಯೆಂದರೆ ಫಲವನ್ನು ಅಳಿಸಿಹಾಕುವುದಲ್ಲ. ಕುಡಿತದಿಂದ ಮನೆಯನ್ನು ಹಾಳುಮಾಡಿಕೊಂಡವನು ಮಾನಸಾಂತರ ಹೊಂದಿದರೂ ಅಡವಿಟ್ಟ ಹೊಲ ತಾನಾಗಿ ಮರಳದು, ಮಕ್ಕಳ ಕಣ್ಣಿನ ಭಯ ಒಂದೇ ದಿನದಲ್ಲಿ ಆರದು. ಅಂಥವನು ಎಲ್ಲವೂ ದೇವರ ಚಿತ್ತವಾಗಿತ್ತೆಂದು ಹೇಳಿದರೆ ಅದು ತಪ್ಪಿಸಿಕೊಳ್ಳುವ ಮಾತು. ಇನ್ನು ಮುಂದಿನ ದಿನಗಳೂ ದೇವರ ಕೈಯಲ್ಲಿವೆಯೆಂದು ಹೇಳಿ ಸಾಲ ತೀರಿಸಲು ಕೂಲಿಗೆ ಹೊರಟರೆ ಅದು ವಿಶ್ವಾಸದ ಮಾತು.

ಇತರರ ಸಂಕಟಕ್ಕೆ ಅವರ ಪಾಪವನ್ನೇ ಕಾರಣವಾಗಿ ಹುಡುಕುವವರು ಯೋಬನ ಮಿತ್ರರನ್ನು ನೆನೆಯಬೇಕು. ಎಲೀಫಜ, ಬಿಲ್ದದ, ಚೋಫರರು ಬೂದಿಯಲ್ಲಿ ಕುಳಿತ ಮಿತ್ರನ ಬಳಿ ಏಳು ದಿನ ಏಳು ರಾತ್ರಿ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ದೇವರ ನ್ಯಾಯವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ನಿರಪರಾಧಿಯನ್ನು ಅಪರಾಧಿಯೆಂದು ಸಾಧಿಸಹೊರಟರು. ಯೋಬನಾದರೋ ದೇವರೊಡನೆಯೇ ವ್ಯಾಜ್ಯ ಹೂಡಿದನು, ತಾನು ಹುಟ್ಟಿದ ದಿನವನ್ನು ಶಪಿಸಿದನು. ಕೊನೆಗೆ ಬಿರುಗಾಳಿಯೊಳಗಿಂದ ಮಾತಾಡಿದ ದೇವರು, ಯೋಬನು ಕೇಳಿದ ಕಾರಣವನ್ನು ಅವನಿಗೆ ತಿಳಿಸಲಿಲ್ಲ. ಆದರೆ ತನ್ನ ಪರವಾಗಿ ವಾದಿಸಿದ ಆ ಮೂವರ ಮೇಲೆ ಕೋಪಗೊಂಡು, ಅವರು ತನ್ನ ವಿಷಯವಾಗಿ ಯೋಬನಂತೆ ಸರಿಯಾಗಿ ಮಾತಾಡಲಿಲ್ಲವೆಂದನು. ಯೋಬನು ಅವರಿಗಾಗಿ ಪ್ರಾರ್ಥಿಸುವನೆಂದೂ, ಆ ಪ್ರಾರ್ಥನೆಯ ನಿಮಿತ್ತವೇ ಅವರನ್ನು ಕ್ಷಮಿಸುವೆನೆಂದೂ ತಿಳಿಸಿ, ಅವರನ್ನು ಅವನ ಬಳಿಗೆ ಕಳುಹಿಸಿದನು.